ಓಡಲು ಅನುಮತಿ ಕೋರಿ

ನಮ್ಮ ಊರಿನಲ್ಲಿ ಎಂಟರಿಂದ ಹನ್ನೆರಡು ವಯಸ್ಸಿನ ಮಕ್ಕಳ ಸರಾಸರಿ ತೂಕ ಮೇಲಿನ ಬಡಾವಣೆಯಲ್ಲಿ ಮೂವತ್ತಮೂರು ಕಿಲೋ, ಕೆಳಗಿನ ಬಡಾವಣೆಯಲ್ಲಿ ನಲವತ್ತೊಂದು ಕಿಲೋ. ಇವೆರಡರ ನಡುವಿನ ಎಂಟು ಕಿಲೋ ಸರ್ಕಾರದ ಸ್ವತ್ತು. ಅದನ್ನು ನೋಡಿಕೊಳ್ಳಲೆಂದೇ ಹನ್ನೊಂದು ವರ್ಷಗಳ ಹಿಂದೆ ಮಕ್ಕಳ ತೂಕದ ಅಂತರ ನಿವಾರಣಾ ಕಚೇರಿಯನ್ನು ಸ್ಥಾಪಿಸಲಾಯಿತು. ನಾನು ಅದರ ಸ್ವೀಕೃತಿ ವಿಭಾಗದ ಗುಮಾಸ್ತ. ಬಂದ ಅರ್ಜಿಗೆ ಮುದ್ರೆ ಒತ್ತಿ, ನಂಬರು ಬರೆದು, ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಮೇಲೆ ಹೋದದ್ದು ಏನಾಯಿತು ಎಂದು ಕೇಳುವುದು ನನ್ನ ಕೆಲಸವಲ್ಲ. ಆದರೆ ಈ ವರ್ಷ ಕಚೇರಿಗೆ ಪ್ರಶಸ್ತಿ ಬಂದಿದೆ. ಅದರ ಸ್ಮರಣ ಸಂಚಿಕೆಗೆ ಒಂದು ಯಶೋಗಾಥೆ ಬರೆದುಕೊಡಿ ಎಂದು ನಿರ್ದೇಶಕರು ಅಪ್ಪಣೆ ಮಾಡಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಉಳ್ಳವರ ಮಕ್ಕಳು ದುಂಡುದುಂಡಗೆ, ಇಲ್ಲದವರ ಮಕ್ಕಳು ಒಣಕಲು ಎಂಬುದು ನಮ್ಮ ತಾತಂದಿರ ಕಾಲದ ಮಾತು. ಈಗ ಅದು ತಲೆಕೆಳಗಾಗಿದೆ. ಮೇಲಿನ ಬಡಾವಣೆಯ ಮಕ್ಕಳಿಗೆ ಈಜುಕೊಳವಿದೆ, ಟೆನಿಸ್ ಅಂಗಳವಿದೆ. ಏನು ತಿನ್ನಬೇಕೆಂದು ಹೇಳಲು ಒಬ್ಬರು, ತಿಂದದ್ದನ್ನು ಕರಗಿಸಲು ಇನ್ನೊಬ್ಬರು ಮನೆಬಾಗಿಲಿಗೇ ಬರುತ್ತಾರೆ. ಕೆಳಗಿನ ಬಡಾವಣೆಯಲ್ಲಿ ಹಣ್ಣಿನ ಅಂಗಡಿ ಒಂದೂ ಇಲ್ಲ. ಕುರುಕಲು ಪೊಟ್ಟಣ ಮತ್ತು ಬಣ್ಣದ ಸಿಹಿನೀರು ಮಾರುವ ಅಂಗಡಿಗಳು ಮೂವತ್ತೊಂಬತ್ತಿವೆ. ಬೀದಿಯ ತುಂಬ ಲಾರಿಗಳು. ಹೀಗಾಗಿ ತಾಯಂದಿರು ಶಾಲೆ ಬಿಟ್ಟು ಬಂದ ಮಕ್ಕಳನ್ನು ಒಳಗೆ ಕೂರಿಸಿ, ಕೈಗೊಂದು ಪೊಟ್ಟಣ ಕೊಟ್ಟು, ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋಗುತ್ತಾರೆ.

ಇವೆಲ್ಲ ಕಣ್ಣಿದ್ದವರಿಗೆ ಕಾಣುವ ಸಂಗತಿಗಳಾದ್ದರಿಂದ ಕಚೇರಿಗೆ ಇವನ್ನು ಪರಿಗಣಿಸಲು ಬರುವುದಿಲ್ಲ. ಕಾರಣ ಹುಡುಕಲು ಸಮಿತಿಯೊಂದನ್ನು ನೇಮಿಸಲಾಯಿತು. ಸಮಿತಿ ಮೇಲಿನ ಬಡಾವಣೆಯ ಕ್ಲಬ್ಬಿನಲ್ಲಿ ಮೂರು ವರ್ಷ ಕೂತು ಆಳವಾಗಿ ಅಧ್ಯಯನ ಮಾಡಿ, ಕೆಳಗಿನ ಬಡಾವಣೆಯವರಲ್ಲಿ ಇಚ್ಛಾಶಕ್ತಿಯ ಕೊರತೆ ಇದೆ ಎಂದು ವರದಿ ಕೊಟ್ಟಿತು. ಕೊರತೆ ತುಂಬಲು ಒಂದು ಕರಪತ್ರ ಅಚ್ಚಾಯಿತು. ಅದರ ಒಕ್ಕಣೆ ಹೀಗಿತ್ತು: “ಪ್ರತಿದಿನ ಐದು ಬಣ್ಣದ ಹಣ್ಣುಗಳನ್ನು ತಿನ್ನಿರಿ. ವಾರಕ್ಕೆ ಮೂರು ದಿನ ಈಜಿರಿ. ಎಂಟು ಗಂಟೆ ನಿದ್ರಿಸಿರಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ನಿಧಾನವಾಗಿ ಊಟ ಮಾಡಿರಿ. ಚಿಂತಿಸಬೇಡಿರಿ.” ನಲವತ್ತು ಸಾವಿರ ಪ್ರತಿಗಳನ್ನು ಕೆಳಗಿನ ಬಡಾವಣೆಯ ಅಂಗಡಿಗಳಿಗೆ ಹಂಚಲಾಯಿತು. ಅಂಗಡಿಯವರು ಅದರಲ್ಲೇ ಕರಿದ ತಿಂಡಿ ಕಟ್ಟಿಕೊಟ್ಟರು. ಸಂದೇಶ ಮನೆಮನೆಗೂ ತಲುಪಿದೆ ಎಂದು ನಾವು ಮೇಲಕ್ಕೆ ಬರೆದೆವು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಇಷ್ಟಾದರೂ ಎಂಟು ಕಿಲೋ ಎಂಟು ಕಿಲೋ ಆಗಿಯೇ ಉಳಿದಾಗ, ಮಕ್ಕಳಿಗೆ ಆಡಲು ಜಾಗ ಬೇಕೇನೋ ಎಂದು ಯಾರೋ ಬಾಯಿತಪ್ಪಿ ಅಂದರು. ಅಂದವರನ್ನು ಬೇರೆ ಕಡೆಗೆ ವರ್ಗ ಮಾಡಿದರೂ ಮಾತು ಕಡತಕ್ಕೆ ಸೇರಿಹೋಗಿತ್ತು. ಕಡತಕ್ಕೆ ಸೇರಿದ್ದನ್ನು ಮಾಡಲೇಬೇಕು. ಕೆಳಗಿನ ಬಡಾವಣೆಯ ನಡುವೆ ಹಳೆಯ ಬಸ್ ಡಿಪೋದ ಬಯಲೊಂದಿತ್ತು. ಮಕ್ಕಳು ಅಲ್ಲಿ ಯಾವ ನಿಯಮವೂ ಇಲ್ಲದೆ, ಕಲ್ಲುಮುಳ್ಳು ನೋಡದೆ ಆಡಿಕೊಂಡಿದ್ದರು. ಕಚೇರಿ ಮೊದಲು ಅವರನ್ನು ಹೊರಗೆ ಕಳಿಸಿತು. ಆಮೇಲೆ ನೆಲ ಸಮ ಮಾಡಿ, ಓಡಲು ಕೆಂಪು ಪಟ್ಟೆ ಎಳೆದು, ಸುತ್ತ ಆಳೆತ್ತರದ ಬೇಲಿ ಹಾಕಿ, ಹಸಿರು ಗೇಟು ಕೂರಿಸಿತು. ಬೇಲಿಯ ಖರ್ಚನ್ನು ಕುರುಕಲು ಪೊಟ್ಟಣದ ಕಂಪನಿಯೊಂದು ದೊಡ್ಡ ಮನಸ್ಸು ಮಾಡಿ ಹೊತ್ತುಕೊಂಡಿತು. ಗೇಟಿನ ಮೇಲೆ ಪೊಟ್ಟಣ ಹಿಡಿದು ನಗುವ ತೆಳ್ಳನೆಯ ಮಗುವಿನ ಚಿತ್ರವಿದೆ. ನಿರ್ದೇಶಕರು ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ಆಯಿತು, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಗೇಟಿಗೆ ಬೀಗ ಬಿತ್ತು. ಜತೆಗೆ ಈ ಪ್ರಕಟಣೆ:

“ಸಾರ್ವಜನಿಕರ ಗಮನಕ್ಕೆ. ಸ್ಥೂಲಕಾಯ ನಿವಾರಣಾ ಮೈದಾನಕ್ಕೆ ಪಾಸ್ ಇದ್ದವರಿಗೆ ಮಾತ್ರ ಪ್ರವೇಶ. ಓಡುವಾಗ ದಪ್ಪ ಮಕ್ಕಳಿಗೆ ಏದುಸಿರು ಬಂದು ಅನಾಹುತವಾಗುವ ಸಂಭವವಿರುವುದರಿಂದ, ನಲವತ್ತೈದು ಕಿಲೋ ಮೀರಿದ ಮಕ್ಕಳಿಗೆ ಪಾಸ್ ಕೊಡಲಾಗುವುದಿಲ್ಲ. ಅಂಥವರು ತೂಕ ಇಳಿಸಿಕೊಂಡು ಬಂದು ಮೈದಾನದ ಸದುಪಯೋಗ ಪಡೆಯತಕ್ಕದ್ದು.”

ಗೇಟಿನ ಒಳಗಡೆ ತೂಕದ ಯಂತ್ರವೊಂದನ್ನು ಇಡಲಾಗಿತ್ತು. ಯಾರಾದರೂ ಹೊತ್ತುಕೊಂಡು ಹೋದರೆ ಏನು ಗತಿ ಎಂದು ಅದನ್ನು ಸಿಮೆಂಟಿನಲ್ಲಿ ಹೂತು ಭದ್ರಪಡಿಸಿದ್ದರು. ಮೊದಲಿನ ಹಾಗೆ ಮನೆಮನೆಗೆ ಯಂತ್ರ ಹೊತ್ತು ಹೋಗಿ ಮಕ್ಕಳನ್ನು ತೂಗುವ ಪದ್ಧತಿ ಅಲ್ಲಿಗೆ ನಿಂತಿತು. ಕೆಳಗಿನ ಬಡಾವಣೆಯ ತೂಕ ಎಂದರೆ ಇನ್ನು ಮುಂದೆ ಕೆಳಗಿನ ಬಡಾವಣೆಯಲ್ಲಿ ಹೂತಿರುವ ಯಂತ್ರ ತೋರಿಸುವ ತೂಕ ಎಂದು ಅಂಕಿಅಂಶದ ಅಧಿಕಾರಿಗಳು ಆದೇಶ ಹೊರಡಿಸಿದರು. ಕಚೇರಿಯಲ್ಲಿ ಎಲ್ಲರೂ ಇವರನ್ನು ಸರಾಸರಿ ಸಾಹೇಬರು ಎನ್ನುತ್ತಾರೆ. ಇಡೀ ಕಚೇರಿಯಲ್ಲಿ ಗುಣಾಕಾರ ಬರುವವರು ಅವರೊಬ್ಬರೇ.

ಬೀಗ ಬಿದ್ದ ಎರಡನೇ ವಾರ, ಮಧ್ಯಾಹ್ನ ನಾಲ್ಕಕ್ಕೆ, ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ನಿಂತಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕೈಬೆರಳ ತುದಿಗಳು ಸೋಪಿನ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಮಗಳಿಗೆ ಹತ್ತು ವರ್ಷ, ಐವತ್ತೆರಡು ಕಿಲೋ. ತಾಯಿ ಕರೆಯುವುದು ಪುಟ್ಟಿ ಎಂದು. ಶಾಲೆಯಲ್ಲಿ ಕರೆಯುವ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಹುಡುಗಿಯೇ ನನಗೆ ಹೇಳಿ, ಹೇಳಿದ ಮೇಲೆ ತಾನೇ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

“ಅಣ್ಣಾ, ಈ ಅರ್ಜಿಗೊಂದು ಮುದ್ರೆ ಹಾಕ್ಕೊಡಿ,” ಎಂದಳು ತಾಯಿ.

“ಏನಮ್ಮ ವಿಷಯ?”

“ಇವಳು ಓಡಬೇಕು.”

“ಓಡಲಿ. ಯಾರು ಬೇಡ ಅಂದ್ರು?”

“ಎಲ್ಲಿ ಓಡ್ಲಿ ಹೇಳಿ. ಬೀದೀಲಿ ಲಾರಿ. ಮನೇಲಿ ನಾಲ್ಕು ಹೆಜ್ಜೆ ಇಟ್ರೆ ಗೋಡೆ. ಇದ್ದಿದ್ದು ಆ ಬಯಲೊಂದು, ಅದಕ್ಕೆ ನೀವು ಬೀಗ ಜಡಿದಿದೀರಿ.”

ಚಿಕಿತ್ಸಾಲಯದ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಅವಳು ಮುಂದಿಟ್ಟಳು. ಮಗುವಿನ ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ, ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರಬೇಕು, ಇಲ್ಲದಿದ್ದರೆ ಜೀವನಪೂರ್ತಿ ಮಾತ್ರೆ ಎಂದಿತ್ತು ಅದರಲ್ಲಿ.

“ನಮ್ಮಮ್ಮನ ಕಾಲು ಇದೇ ಸಕ್ಕರೇಲಿ ಹೋಯ್ತು ಅಣ್ಣಾ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ ತನಕ. ಇವಳಿಗೆ ಅದು ಬರಬಾರದು. ನಾನು ಬೇರೇನೂ ಕೇಳ್ತಿಲ್ಲ, ದಿನಾ ಒಂದು ಗಂಟೆ ಬೀಗ ತೆಗೀರಿ ಸಾಕು.”

ಬೀಗದ ಕೈ ಆಗ ನನ್ನ ಬೆನ್ನ ಹಿಂದೆ ಮೊಳೆಯಲ್ಲಿ ನೇತಾಡುತ್ತಿತ್ತು. ಹುಡುಗಿ ಅದನ್ನೇ ನೋಡುತ್ತಿದ್ದಳು. ನಾನು ಸ್ವಲ್ಪ ಪಕ್ಕಕ್ಕೆ ಸರಿದು ಕೂತು, ಅದು ಅವಳಿಗೆ ಕಾಣದ ಹಾಗೆ ಮಾಡಿದೆ. ಹನ್ನೊಂದು ವರ್ಷದ ಸೇವೆ ಮನುಷ್ಯನಿಗೆ ಏನೇನು ಕಲಿಸುತ್ತದೆ ನೋಡಿ. ಏನಾದರೂ ಕೊಡಲೇಬೇಕಲ್ಲ ಎಂದು ಕರಪತ್ರ ಕೊಟ್ಟೆ. ಅವಳು ನಿಂತಲ್ಲೇ ಪೂರ್ತಿ ಓದಿದಳು.

“ಇದರಲ್ಲಿ ನಮ್ಮನೇಲಿರೋದು ನಿದ್ದೆ ಒಂದೇ ಅಣ್ಣಾ. ಅದೂ ಅರ್ಧ,” ಎಂದು ಮಡಿಸಿ ವಾಪಸು ಕೊಟ್ಟಳು. “ಹಣ್ಣಿಗೆ ಎರಡು ಬಸ್ಸು ಹತ್ತಿ ಪೇಟೆಗೆ ಹೋಗ್ಬೇಕು. ತಂದ್ರೂ ಒಂದು ಹಣ್ಣಿಗೆ ಕೊಡೋ ದುಡ್ಡಲ್ಲಿ ಐದು ಪೊಟ್ಟಣ ಬರುತ್ತೆ. ಮಕ್ಕಳು ಹಸಿವು ಅಂದಾಗ ಬಣ್ಣ ನೋಡ್ತಾ ಕೂತ್ಕೊಳ್ಳಕ್ಕಾಗುತ್ತಾ?”

ನಾನು ಮುದ್ರೆ ಒತ್ತಿದೆ. ಅರ್ಜಿ ನಂಬರು ಎಂಟುನೂರ ಹನ್ನೆರಡು. ವಿಷಯ: ಓಡಲು ಅನುಮತಿ ಕೋರಿ.

ನಮ್ಮ ಕಚೇರಿಯಲ್ಲಿ ಅರ್ಜಿ ನಡೆಯುವ ಕ್ರಮವನ್ನು ಓದುಗರು ತಿಳಿದಿರಬೇಕು. ಕೆಳಗೆ ನನ್ನ ಬಳಿ ಮುದ್ರೆ. ಎರಡನೇ ಮಹಡಿಯಲ್ಲಿ ಪರಿಶೀಲನೆ. ಮೂರನೇ ಮಹಡಿಯಲ್ಲಿ ವೈದ್ಯಕೀಯ ಅಭಿಪ್ರಾಯ. ನಾಲ್ಕನೇ ಮಹಡಿಯಲ್ಲಿ ನಿರ್ದೇಶಕರು. ಮೇಲೆ ಎಲ್ಲಿ ಆಕ್ಷೇಪಣೆ ಬಂದರೂ ಅರ್ಜಿ ಮತ್ತೆ ಕೆಳಗಿಳಿದು ನನ್ನಿಂದ ಹೊಸ ಮುದ್ರೆ ಹಾಕಿಸಿಕೊಂಡು ಹತ್ತಬೇಕು. ಯಾರ ಹೆಸರಿನಲ್ಲಿ ಅರ್ಜಿ ಇದೆಯೋ ಅವರೇ ಖುದ್ದು ಹೊತ್ತು ತರಬೇಕು. ಒಟ್ಟು ತೊಂಬತ್ತಾರು ಮೆಟ್ಟಿಲು. ಲಿಫ್ಟ್ ಇದೆ. ಅದರ ಮೇಲೆ “ಅಧಿಕಾರಿಗಳಿಗೆ ಮಾತ್ರ. ದಪ್ಪ ಮಕ್ಕಳು ಹತ್ತಿದರೆ ಹಗ್ಗ ತುಂಡಾಗುವ ಅಪಾಯವಿದೆ” ಎಂದು ಬರೆದಿದೆ. ನಿರ್ದೇಶಕರು ನೂರ ಹನ್ನೆರಡು ಕಿಲೋ ಇದ್ದಾರೆ. ಅವರು ಹತ್ತಿದಾಗ ಹಗ್ಗಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಅದು ನಿಯಮದಲ್ಲಿಲ್ಲ.

ತಾಯಿ ಬೆಳಗಿನ ಐದರ ಪಾಳಿ ಕೇಳಿ ಹಾಕಿಸಿಕೊಂಡಳು. ಶಾಲೆ ಬಿಟ್ಟ ಕೂಡಲೇ ಮಗಳನ್ನು ಕರೆದುಕೊಂಡು ಬರುವಳು. ಬಸ್ಸಿಗೆ ಕೊಟ್ಟರೆ ಸಂಜೆಯ ಹಾಲಿಗೆ ಇರುವುದಿಲ್ಲವೆಂದು ಇಬ್ಬರೂ ನಡೆದೇ ಬರುವರು, ಅರ್ಧ ಗಂಟೆಯ ದಾರಿ. ನಾಲ್ಕಕ್ಕೆ ನನ್ನ ಮುದ್ರೆ. ಅಲ್ಲಿಂದ ಮೆಟ್ಟಿಲು. ಮೊದಲ ದಿನ ಬಂದ ಆಕ್ಷೇಪಣೆ, ಅರ್ಜಿದಾರಳು ಯಾವ ದಿಕ್ಕಿಗೆ ಓಡುವಳೆಂದು ನಮೂದಿಸಿಲ್ಲ. ಎರಡನೇ ದಿನ, ಓಡಿ ಮುಗಿದ ಮೇಲೆ ಎಲ್ಲಿ ನಿಲ್ಲುವಳೆಂದು ತಿಳಿಸಿಲ್ಲ. ಮೂರನೇ ದಿನ ಅರ್ಜಿಗೆ ಚುಚ್ಚಿದ ಗುಂಡುಸೂಜಿ ಎಡಕ್ಕಿತ್ತು. ನಾಲ್ಕನೇ ದಿನ, ತೂಕದ ಪ್ರಮಾಣಪತ್ರ ಏಳು ದಿನಕ್ಕಿಂತ ಹಳೆಯದು. ಹೀಗಾಗಿ ವಾರವಾರವೂ ಚಿಕಿತ್ಸಾಲಯಕ್ಕೆ ಹೋಗಿ ಹೊಸ ಪ್ರಮಾಣಪತ್ರ ತರಬೇಕಾಯಿತು. ಡಾಕ್ಟರಮ್ಮ ಬೇಸರಪಡದೆ ಪ್ರತಿ ವಾರ ಹುಡುಗಿಯನ್ನು ತೂಗಿ ಬರೆದುಕೊಟ್ಟರು. ಈ ಕಥೆಯಲ್ಲಿ ತಮ್ಮ ಕೆಲಸ ತಾವು ಮಾಡಿದವರು ಅವರೊಬ್ಬರೇ. ಅವರಿಗೆ ಪ್ರಶಸ್ತಿ ಬಂದಿಲ್ಲ.

ಮೊದಮೊದಲು ಹುಡುಗಿ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ನಿಂತುಬಿಡುತ್ತಿದ್ದಳು. ಅವಳ ಉಸಿರು ಕೆಳಗೆ ಕೂತ ನನಗೂ ಕೇಳುತ್ತಿತ್ತು. ಪರಿಶೀಲನೆಯವರು ಬಾಗಿಲು ಹಾಕಿಕೊಂಡು, ಶಬ್ದವಾಗುತ್ತಿದೆ ಎಂದು ನನಗೆ ದೂರು ಕೊಟ್ಟರು. ನಾನು ದೂರಿಗೂ ಮುದ್ರೆ ಒತ್ತಿದೆ.

ಇತ್ತ ಮೈದಾನ ಸುಮ್ಮನೆ ಬಿದ್ದಿರಲಿಲ್ಲ. ಮೇಲಿನ ಬಡಾವಣೆಯ ಕ್ಲಬ್ಬಿನ ತರಬೇತುದಾರರು ನಿರ್ದೇಶಕರಿಗೆ ಫೋನು ಮಾಡಿದರು. ತಮ್ಮ ಓಟದ ಅಂಗಳಕ್ಕೆ ಹೊಸ ಹೊದಿಕೆ ಹಾಕಿಸುತ್ತಿದ್ದೇವೆ, ಅಲ್ಲಿಯ ತನಕ ನಿಮ್ಮದನ್ನು ಬಳಸಬಹುದೇ ಎಂದು. “ಅಯ್ಯೋ, ಅದಕ್ಕೇನಂತೆ ಸಾರ್, ನಿಮ್ಮದೇ ಅಂದ್ಕೊಳ್ಳಿ,” ಎಂದರು ನಿರ್ದೇಶಕರು. ಇದು ಕಾಗದದ ಮೇಲೆ ಬಂದದ್ದಲ್ಲವಾದ್ದರಿಂದ ಅರ್ಜಿ ಅನಿಸಿಕೊಳ್ಳುವುದಿಲ್ಲ. ಅರ್ಜಿ ಅಲ್ಲದ್ದನ್ನು ಬಾಕಿ ಇಡಲು ಬರುವುದಿಲ್ಲ. ಮಾರನೇ ದಿನದಿಂದ ಕಾರುಗಳಲ್ಲಿ ಮಕ್ಕಳು ಬಂದಿಳಿದರು. ಎಲ್ಲರೂ ನಲವತ್ತೈದರ ಒಳಗೇ ಇದ್ದುದರಿಂದ ನಿಯಮಕ್ಕೆ ಕೂದಲೆಳೆಯಷ್ಟೂ ಧಕ್ಕೆಯಾಗಲಿಲ್ಲ. ಒಬ್ಬೊಬ್ಬರಾಗಿ ಸಿಮೆಂಟಿನಲ್ಲಿ ಹೂತ ಯಂತ್ರದ ಮೇಲೆ ನಿಂತು, ತೂಕ ಬರೆಸಿ, ಒಳಗೆ ಹೋದರು. ಕೆಳಗಿನ ಬಡಾವಣೆಯಲ್ಲಿ ನಲವತ್ತೈದರ ಒಳಗಿದ್ದವರು ಕಾಗದದ ಮೇಲೆ ಪಾಸ್ ಕೇಳಿದ್ದರಿಂದ ಅವರ ಅರ್ಜಿಗಳೆಲ್ಲ ಬಾಕಿ ಇದ್ದವು. ಬಡಾವಣೆಯ ಮಕ್ಕಳು ಬೇಲಿಗೆ ಮೂಗು ಒತ್ತಿಕೊಂಡು, ಪೊಟ್ಟಣ ತಿನ್ನುತ್ತ, ಕಾರಿನಲ್ಲಿ ಬಂದವರು ಓಡುವುದನ್ನು ನೋಡಿದರು.

ತಿಂಗಳ ಕೊನೆಗೆ ಸರಾಸರಿ ಸಾಹೇಬರು ಲೆಕ್ಕ ಮಾಡಿದರು. ಮತ್ತೊಮ್ಮೆ ಮಾಡಿದರು. ಆಮೇಲೆ ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲೇ ನಾಲ್ಕನೇ ಮಹಡಿಗೆ ಓಡಿದರು. ನನ್ನನ್ನೂ ಕಡತ ಹೊರಲು ಕರೆದಿದ್ದರಿಂದ ಅಲ್ಲಿ ನಡೆದ ಮಾತು ನನಗೆ ಗೊತ್ತು.

“ಸಾರ್, ಕೆಳಗಿನ ಬಡಾವಣೆ ಸರಾಸರಿ ಮೂವತ್ತಮೂರಕ್ಕೆ ಇಳಿದಿದೆ!”

“ಒಂದು ತಿಂಗಳಲ್ಲಾ?”

“ಒಂದೇ ತಿಂಗಳಲ್ಲಿ ಸಾರ್. ಯಂತ್ರ ಸುಳ್ಳು ಹೇಳುತ್ತಾ?”

ನಿರ್ದೇಶಕರು ಕಿಟಕಿಯಿಂದ ಹೊರಗೆ ನೋಡುತ್ತ ಸ್ವಲ್ಪ ಹೊತ್ತು ಭಾವುಕರಾದರು. ತಕ್ಷಣ ಅವರ ಮುಖ ಬಿಳುಚಿಕೊಂಡಿತು. “ಹಾಗಾದ್ರೆ ಅಂತರ ಎಷ್ಟು ಉಳೀತು?”

“ಸೊನ್ನೆ ಸಾರ್.”

“ಸೊನ್ನೆ ಆದ್ರೆ ಕಚೇರಿ ಯಾಕ್ರೀ ಬೇಕು? ನಾಳೆನೇ ಬಾಗಿಲು ಹಾಕಿಸ್ತಾರೆ.”

ಇಬ್ಬರೂ ಬಾಗಿಲು ಹಾಕಿಕೊಂಡು ಚರ್ಚಿಸಿದರು. ಕೊನೆಗೆ ಕಚೇರಿಯ ದೈನಂದಿನ ನಿರ್ವಹಣೆಗೆಂದು ಇನ್ನೂರು ಗ್ರಾಂ ಅಂತರವನ್ನು ಉಳಿಸಿಕೊಂಡು, ಏಳು ಕಿಲೋ ಎಂಟುನೂರು ಗ್ರಾಂ ನಿವಾರಣೆಯಾಗಿದೆ ಎಂದು ಮೇಲಕ್ಕೆ ಬರೆಯಲಾಯಿತು. ಮೇಲಿನವರು ಪ್ರಶಸ್ತಿ ಘೋಷಿಸಿದರು. ಕೆಳಗಿನ ಬಡಾವಣೆಯ ಬೀದಿಗಳಲ್ಲಿ ಅಭಿನಂದನೆಯ ಫಲಕ ಕಟ್ಟಿಸಿದೆವು: “ನೀವು ತೆಳ್ಳಗಾಗಿದ್ದೀರಿ. ಧನ್ಯವಾದಗಳು.” ಜನ ಅದನ್ನು ಓದಿ, ತಮ್ಮ ಮಕ್ಕಳನ್ನೊಮ್ಮೆ ನೋಡಿ, ಸರ್ಕಾರ ಹೇಳಿದ ಮೇಲೆ ಇದ್ದರೂ ಇರಬಹುದು ಎಂದುಕೊಂಡರು.

ಪ್ರಶಸ್ತಿ ಬಂದ ಮೇಲೆ ಅರ್ಜಿ ನಂಬರು ಎಂಟುನೂರ ಹನ್ನೆರಡು ಅಪಾಯಕಾರಿಯಾಯಿತು. ಈ ಒಂದು ಹುಡುಗಿ ಆ ಯಂತ್ರದ ಮೇಲೆ ನಿಂತರೆ, ಅವಳ ಹಿಂದೆ ಬಡಾವಣೆಯ ಉಳಿದವರೂ ನಿಂತರೆ, ಕಷ್ಟಪಟ್ಟು ಇಳಿಸಿದ ಸರಾಸರಿಯ ಗತಿ ಏನು? ನಿರ್ದೇಶಕರು ತಾಯಿಮಗಳನ್ನು ಒಳಗೆ ಕರೆಸಿ ಪ್ರೀತಿಯಿಂದಲೇ ಮಾತಾಡಿಸಿದರು.

“ನೋಡಮ್ಮ, ನಿನ್ನ ಮಗಳು ತೂಕ ಇಳಿಸ್ಕೊಂಡು ಬರಲಿ, ನಾನೇ ಪಾಸ್ ಕೊಡ್ತೀನಿ.”

“ತೂಕ ಇಳಿಯಕ್ಕೇ ಅಲ್ವಾ ಸ್ವಾಮಿ, ಓಡಬೇಕು ಅಂತಿರೋದು?”

“ಹೌದು. ಇಳಿಸ್ಕೊಂಡು ಓಡಲಿ.”

“ಓಡದೆ ಹೇಗೆ ಇಳಿಯುತ್ತೆ?”

“ಇಚ್ಛಾಶಕ್ತಿ ಇರಬೇಕಮ್ಮ,” ಎಂದರು ನಿರ್ದೇಶಕರು. ಮೇಜಿನ ಮೇಲಿದ್ದ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದು ಹುಡುಗಿಗೆ ಕೊಟ್ಟರು. ಹುಡುಗಿ ತಾಯಿಯ ಮುಖ ನೋಡಿ, ಬೇಡವೆಂದು ತಲೆಯಾಡಿಸಿದಳು. ಬಿಸ್ಕತ್ತು ಹಾಳಾಗಬಾರದೆಂದು ನಿರ್ದೇಶಕರು ತಾವೇ ತಿಂದರು.

ಮೆಟ್ಟಿಲಿಳಿದು ಬಂದ ತಾಯಿ ನನ್ನ ಮೇಜಿನ ಅಂಚು ಹಿಡಿದುಕೊಂಡು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ನಾಳೆ ಬರ್ತೀವಿ ಅಣ್ಣಾ,” ಎಂದಳು ಅಷ್ಟೇ. ಅರ್ಜಿಯನ್ನು ತಿರಸ್ಕರಿಸಿದರೆ ಮೇಲ್ಮನವಿ ಹೋಗಬಹುದಾದ್ದರಿಂದ ತಿರಸ್ಕರಿಸಿರಲಿಲ್ಲ. ಹೀಗಾಗಿ ಎಡತಾಕುವುದು ನಿಲ್ಲಲಿಲ್ಲ. ನಾಳೆ ಬಂದರು, ನಾಡಿದ್ದೂ ಬಂದರು. ಆಕ್ಷೇಪಣೆಗಳು ದಿನಕ್ಕೆ ನಾಲ್ಕಕ್ಕೇರಿದವು. ತಿಂಗಳುಗಳು ಹೋದವು. ಹುಡುಗಿಯ ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಗುವಂತಾಯಿತು. ಒಂದು ದಿನ ಅವಳು ನಾಲ್ಕನೇ ಮಹಡಿಯಿಂದ ಆಕ್ಷೇಪಣೆ ಹಿಡಿದು ಇಳಿದು ಬಂದಾಗ, ತಾಯಿ ಇನ್ನೂ ಮೂರನೇ ಮಹಡಿಯಲ್ಲಿದ್ದಳು.

“ಮಾಮಾ, ಬೇಗ ಮುದ್ರೆ ಹಾಕಿ, ಅಮ್ಮ ಬರೋ ಅಷ್ಟರಲ್ಲಿ ಇನ್ನೊಂದು ಸಲ ಹೋಗಿ ಬರ್ತೀನಿ,” ಎಂದಳು. ಏದುಸಿರು ಇರಲಿಲ್ಲ. ನಾನು ಗಮನಿಸಿದೆ, ಆದರೆ ಗಮನಿಸುವುದು ನನ್ನ ಕೆಲಸವಲ್ಲ.

ಗಮನಿಸಿದವರು ಸರಾಸರಿ ಸಾಹೇಬರು. ಆ ಅರ್ಜಿಯನ್ನು ಇನ್ನೂ ಒಂದು ವರ್ಷ ಎಳೆಯಲು ಯಾವುದಾದರೂ ತಪ್ಪು ಸಿಗುತ್ತದೋ ಎಂದು ಕಡತ ತೆರೆದರು. ಅದರಲ್ಲಿ ವಾರಕ್ಕೊಂದರಂತೆ ಮೂವತ್ತನಾಲ್ಕು ತೂಕದ ಪ್ರಮಾಣಪತ್ರಗಳಿದ್ದವು. ಐವತ್ತೆರಡು. ಐವತ್ತೊಂದೂವರೆ. ಐವತ್ತು. ಹೀಗೇ ಇಳಿಯುತ್ತ ಇಳಿಯುತ್ತ, ಕೊನೆಯದರಲ್ಲಿ ನಲವತ್ತನಾಲ್ಕೂವರೆ. ಕೊನೆಯ ಚೀಟಿಯ ಕೆಳಗೆ ಡಾಕ್ಟರಮ್ಮ ಬರೆದಿದ್ದರು: “ರಕ್ತದ ಸಕ್ಕರೆ ಅಂಚಿನಿಂದ ಹಿಂದೆ ಸರಿದಿದೆ. ಏನು ಮಾಡುತ್ತಿದ್ದೀರೋ ಅದನ್ನೇ ಮಾಡುತ್ತಿರಿ, ನಿಲ್ಲಿಸಬೇಡಿ.”

ಸಾಹೇಬರು ಲೆಕ್ಕ ಹಾಕಿದರು. ದಿನಕ್ಕೆ ಒಂದು ಗಂಟೆ ನಡಿಗೆ. ತೊಂಬತ್ತಾರು ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತಿ ನಾಲ್ಕು ಸಲ ಇಳಿಯುವುದು. ಇಷ್ಟನ್ನೂ ಮಾಡಿಸಿದ್ದು ಯಾರು? ನಮ್ಮ ಕಚೇರಿ! ಹನ್ನೊಂದು ವರ್ಷದಲ್ಲಿ ಒಂದು ಮಗುವಿನ ತೂಕ ನಿಜವಾಗಿ ಇಳಿದಿತ್ತು, ಅದೂ ಅರ್ಜಿಯನ್ನು ವಿಲೇವಾರಿ ಮಾಡದೆ ಇದ್ದುದರಿಂದ. ಹದಿನೈದು ದಿನದೊಳಗೆ ಹೊಸ ಯೋಜನೆ ಸಿದ್ಧವಾಯಿತು. ಹೆಸರು ಅರ್ಜಿ ವ್ಯಾಯಾಮ ಯೋಜನೆ. ಪ್ರಕಟಣೆಯಲ್ಲಿ ಹೀಗಿತ್ತು:

“ಕೆಳಗಿನ ಬಡಾವಣೆಯ ಪ್ರತಿ ದಪ್ಪ ಮಗುವೂ ಯಾವುದಾದರೂ ಒಂದು ವಿಷಯ ಕೋರಿ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಕೋರಿದ್ದನ್ನು ಯಾವ ಕಾರಣಕ್ಕೂ ಕೊಡಲಾಗುವುದಿಲ್ಲವೆಂದು ಕಚೇರಿ ಖಾತರಿ ನೀಡುತ್ತದೆ. ಪ್ರತಿ ಮಗುವಿಗೆ ದಿನಕ್ಕೆ ಕನಿಷ್ಠ ನಾಲ್ಕು ಆಕ್ಷೇಪಣೆಗಳನ್ನು ಒದಗಿಸಲಾಗುವುದು. ಹೆಚ್ಚು ತೂಕದವರಿಗೆ ಆರು.”

ಜನ ಬಂದರು. ಬರದೆ ಏನು ಮಾಡುತ್ತಾರೆ? ಊರಿನಲ್ಲಿ ಅವರ ಮಕ್ಕಳು ಲಾರಿಯ ಭಯವಿಲ್ಲದೆ ಕಾಲಾಡಿಸಬಹುದಾದ ಜಾಗ ನಮ್ಮ ಮೆಟ್ಟಿಲೊಂದೇ. ಸಂಜೆ ನಾಲ್ಕಾದರೆ ಸಾಲು ಬೀದಿಯ ತನಕ. ಒಬ್ಬ ಹುಡುಗ ಚಂದ್ರನನ್ನು ಕೊಡಿಸಿ ಎಂದು ಅರ್ಜಿ ಹಾಕಿದ. ಪರಿಶೀಲನೆಯವರು ಪೂರ್ತಿ ಚಂದ್ರನೋ ಅರ್ಧವೋ ಎಂದು ಕೇಳಿ ವಾಪಸು ಕಳಿಸಿದರು. ಮೇಲಿನ ಬಡಾವಣೆಯಿಂದ ಹೆಂಗಸರ ತಂಡವೊಂದು ಬಂದು, ಮೆಟ್ಟಿಲು ಹತ್ತುವ ಮಕ್ಕಳ ಫೋಟೊ ತೆಗೆದುಕೊಂಡು, ಬಡವರಲ್ಲಿ ಎಂಥ ಹುಮ್ಮಸ್ಸು ಎಂದು ಕಣ್ಣೊರೆಸಿಕೊಂಡಿತು. ಅವರ ಮಕ್ಕಳು ಆಗ ನಮ್ಮ ಮೈದಾನದಲ್ಲಿ ಓಡುತ್ತಿದ್ದರು. ಕ್ಲಬ್ಬಿನ ಹೊಸ ಹೊದಿಕೆ ಎಂದೋ ಮುಗಿದಿತ್ತು. ಅದರ ಬಣ್ಣ ಮಾಸಬಾರದೆಂದು ಅಲ್ಲಿ ಯಾರನ್ನೂ ಬಿಡುತ್ತಿರಲಿಲ್ಲವಂತೆ.

ಉಳಿದದ್ದು ಒಂದು ಕಾನೂನಿನ ತೊಡಕು. ಹುಡುಗಿ ನಲವತ್ತೈದರ ಒಳಗೆ ಬಂದದ್ದು ಕಡತಕ್ಕೆ ಸೇರಿಹೋಗಿತ್ತು. ನಿಯಮದ ಪ್ರಕಾರ ಅವಳಿಗೆ ಪಾಸ್ ಕೊಡಲೇಬೇಕು. ನಿರ್ದೇಶಕರು ಮನಸ್ಸಿಲ್ಲದ ಮನಸ್ಸಿನಿಂದ ಪಾಸಿಗೆ ಸಹಿ ಹಾಕಿ, ಕೊಟ್ಟುಬಿಡಿ ಎಂದು ನನ್ನ ಕೈಗಿತ್ತರು. ಎಂಟು ತಿಂಗಳಲ್ಲಿ ಮೊದಲ ಸಲ ನನಗೆ ಒಂದು ಒಳ್ಳೆಯ ಸುದ್ದಿ ಹೇಳುವ ಕೆಲಸ ಬಂದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂದು ನಾಲ್ಕು ಗಂಟೆ ಆಗುವುದನ್ನೇ ಕಾಯುತ್ತಿದ್ದೆ.

“ತಾಯಿ, ಸಿಕ್ತು ನೋಡಿ ನಿಮ್ಮ ಪಾಸು!” ಎಂದೆ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಕರಪತ್ರ ಓದಿದ ಹಾಗೆಯೇ ನಿಂತಲ್ಲೇ ಪೂರ್ತಿ ಓದಿದಳು. ನಾನು ಓದಿರಲಿಲ್ಲ.

“ಅಣ್ಣಾ, ಇದೇನು? ವಾರಕ್ಕೊಂದು ಸಲ, ಹದಿನೈದು ನಿಮಿಷ ಅಂತಿದೆ?”

“ಮಿಕ್ಕ ಹೊತ್ತು ಮೇಲಿನ ಬಡಾವಣೆಯವರಿಗೆ ಕೊಟ್ಟಾಗಿದೆಯಂತೆ.”

“ಕೆಳಗೆ ಇನ್ನೊಂದು ಬರೆದಿದೆ. ಪಾಸ್ ಪಡೆದವರ ಅರ್ಜಿ ಮುಗಿದಂತೆ, ಇನ್ನು ಮುಂದೆ ಕಚೇರಿಯ ಮೆಟ್ಟಿಲು ಹತ್ತಬಾರದು ಅಂತ.”

“ಕೆಲಸ ಆದ ಮೇಲೆ ಇಲ್ಲೇನು ಕೆಲಸ ಅಂತ...” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದೆ.

ಮಗಳು ಆಗಲೇ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅಮ್ಮ ಅರ್ಜಿ ಕೊಡಲಿ ಎಂದು ಕೈ ಚಾಚಿ ನಿಂತಿದ್ದಳು. ತಾಯಿ ಅವಳನ್ನು ನೋಡಿದಳು. ಪಾಸನ್ನು ನೋಡಿದಳು. ಆ ಹೆಂಗಸಿನ ತಲೆಯಲ್ಲಿ ಆಗ ನಡೆದ ಲೆಕ್ಕ ಸರಾಸರಿ ಸಾಹೇಬರ ಯಾವ ಲೆಕ್ಕಕ್ಕಿಂತಲೂ ಸರಿಯಾದದ್ದು. ವಾರಕ್ಕೆ ಹದಿನೈದು ನಿಮಿಷ ಒಂದು ಕಡೆ, ದಿನಕ್ಕೆ ನಾಲ್ಕು ಸಲ ತೊಂಬತ್ತಾರು ಮೆಟ್ಟಿಲು ಇನ್ನೊಂದು ಕಡೆ. ತನ್ನ ತಾಯಿಯ ಕಾಲು ಎಲ್ಲಿಯ ತನಕ ಹೋಯಿತೆಂದು ಅವಳು ನೋಡಿದ್ದಳು.

“ಇವಳ ಹೆಸರಲ್ಲಿ ಒಂದು ಹೊಸ ಅರ್ಜಿ ಬರ್ಕೊಡಿ ಅಣ್ಣಾ,” ಎಂದಳು.

“ಏನಂತ ಬರೀಲಿ?”

“ಪಾಸು ಬೇಡ ಅಂತ. ಹಳೇ ಅರ್ಜೀನ ಬಾಕಿನೇ ಇಡಿ ಅಂತ. ಇವಳು ದೊಡ್ಡವಳಾಗೋ ತನಕ ಮಂಜೂರು ಮಾಡಬೇಡಿ ಅಂತ ಬರೀರಿ. ದಯವಿಟ್ಟು ಅಂತ ಸೇರ್ಸಿ.”

“ತಾಯಿ, ಮೈದಾನ ನಿಮ್ಮದು. ನಿಮ್ಮ ಮಕ್ಕಳಿಗೇ ಅಂತ ಮಾಡಿದ್ದು. ಜಗಳ ಆಡಿ.”

“ಜಗಳ ಆಡಕ್ಕೆ ಒಂದು ದಿನ ರಜೆ ಹಾಕ್ಬೇಕು,” ಎಂದಳು ಅವಳು. “ನೀವು ಬರೀರಿ.”

ಬರೆದೆ. ದಯವಿಟ್ಟು ಎಂದು ಎರಡು ಕಡೆ ಸೇರಿಸಿದೆ. ಅವಳು ಸಹಿ ಹಾಕಿದಳು. ಮಗಳು ಅದನ್ನು ಕಸಿದುಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಹತ್ತಿದಳು. ಪರಿಶೀಲನೆಯವರು ಒಂದು ಅಕ್ಷರಕ್ಕೂ ಆಕ್ಷೇಪಣೆ ಎತ್ತಲಿಲ್ಲ. ವೈದ್ಯಕೀಯ ಅಭಿಪ್ರಾಯದವರು ಶಿಫಾರಸು ಮಾಡಿದರು. ನಿರ್ದೇಶಕರು ಓದಿ, ಇಂಥ ತಿಳಿವಳಿಕೆ ಎಲ್ಲ ತಾಯಂದಿರಿಗೂ ಬರಬೇಕು ಎಂದು ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದು ಸಹಿ ಹಾಕಿದರು. ಹುಡುಗಿ ವಾಪಸು ಇಳಿದು ಬಂದಾಗ ಹನ್ನೆರಡು ನಿಮಿಷವೂ ಆಗಿರಲಿಲ್ಲ.

ಕೆಳಗಿನ ಬಡಾವಣೆಯವರು ಕೊಟ್ಟ ಅರ್ಜಿಯೊಂದು ಕೊಟ್ಟ ದಿನವೇ ಮಂಜೂರಾದದ್ದು ನಮ್ಮ ಕಚೇರಿಯ ಇತಿಹಾಸದಲ್ಲಿ ಇದೇ ಮೊದಲು.